ಉಷ್ಣವೆಂದು ಬಿಟ್ಟದ್ದು

ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದಲ್ಲಿ ಎರಡು ಭಾಷೆಗಳು ಒಟ್ಟಿಗೇ ಬದುಕುತ್ತವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಕಟ್ಟಿ ಮುಗಿದು, ಎಡದಂಡೆ ಕಾಲುವೆಯ ನೀರು ಈ ನೆಲಕ್ಕೆ ಹರಿಯತೊಡಗಿದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ಸೀಮೆ ಇದು. ಮನೆಯೊಳಗೆ ತೆಲುಗು, ಅಂಗಡಿಯ ಕಟ್ಟೆಯ ಮೇಲೆ ಕನ್ನಡ. ಆದರೆ ಮಲದ ಜೊತೆ ರಕ್ತ ಹೋದಾಗ ಎರಡೂ ಭಾಷೆಗಳು ಕೊಡುವ ಉತ್ತರ ಒಂದೇ. ಒಬ್ಬರು ‘ಉಷ್ಣ ಆಗೇತಿ’ ಎಂದರೆ, ಇನ್ನೊಬ್ಬರು ‘ವೇಡಿ ಚೇಸಿಂದಿ’ ಎನ್ನುತ್ತಾರೆ. ಮಜ್ಜಿಗೆ, ಎಳನೀರು, ರಾತ್ರಿ ನೆನೆಸಿಟ್ಟ ಮೆಂತ್ಯೆ. ನಾಲ್ಕು ದಿನಕ್ಕೆ ರಕ್ತ ನಿಂತರೆ ಉಷ್ಣ ಇಳಿಯಿತು ಎಂದಾಯಿತು. ನಿಲ್ಲದಿದ್ದರೆ ಮೂಲವ್ಯಾಧಿ ಇದ್ದೇ ಇದೆ. ‘ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ’ ಎನ್ನುವ ಬೋರ್ಡುಗಳು ನಮ್ಮ ಯಾವ ಪೇಟೆಯಲ್ಲಿ ಇಲ್ಲ?

ಈ ಉತ್ತರ ಬಹಳಷ್ಟು ಸಲ ಸರಿಯೇ ಆಗಿರುತ್ತದೆ. ಮಲದಲ್ಲಿ ಕಾಣುವ ರಕ್ತಕ್ಕೆ ಮೂಲವ್ಯಾಧಿ, ಗುದದ ಬಿರುಕು, ಆಮಶಂಕೆಗಳೇ ಸಾಮಾನ್ಯ ಕಾರಣ. ತೊಂದರೆ ಇರುವುದು ಉಳಿದ ಕೆಲವು ಸಲ. ದೊಡ್ಡ ಕರುಳಿನ ಗೋಡೆಯ ಮೇಲೆ ಎದ್ದ ಗಂಟು, ಅಂದರೆ ಪಾಲಿಪ್, ರಕ್ತ ಸುರಿಸುವುದು ಬಿಟ್ಟು ಬಿಟ್ಟು. ಒಂದು ವಾರ ಒಸರುತ್ತದೆ, ಎರಡು ತಿಂಗಳು ಸುಮ್ಮನಿರುತ್ತದೆ. ಮಜ್ಜಿಗೆ ಕುಡಿದ ವಾರವೇ ಅದು ಸುಮ್ಮನಾದರೆ ಗೆಲುವು ಮಜ್ಜಿಗೆಗೆ ಸಲ್ಲುತ್ತದೆ, ಗಂಟು ಅಲ್ಲೇ ಉಳಿಯುತ್ತದೆ. ಇನ್ನು ಬಹುಪಾಲು ಪಾಲಿಪ್‌ಗಳು ಕಣ್ಣಿಗೆ ಕಾಣುವಷ್ಟು ರಕ್ತವನ್ನು ಸುರಿಸುವುದೇ ಇಲ್ಲ. ನೋವಂತೂ ಇಲ್ಲವೇ ಇಲ್ಲ.

ಹಾಗಾದರೆ ಏನೂ ತೊಂದರೆ ಇಲ್ಲದವರ ಕರುಳಿನಲ್ಲೂ ಈ ಗಂಟನ್ನು ಹುಡುಕಬೇಕೆ? ಹುಡುಕುವುದಾದರೆ ಯಾರಲ್ಲಿ?

ಮೊದಲು ಗಂಟಿನ ಸ್ವಭಾವ ತಿಳಿಯಬೇಕು. ಪಾಲಿಪ್ ಎಂದರೆ ಕ್ಯಾನ್ಸರ್ ಅಲ್ಲ. ಪಾಶ್ಚಾತ್ಯ ದೇಶಗಳಲ್ಲಿ 50 ದಾಟಿದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ‘ಅಡಿನೋಮ’ ಎಂಬ ಜಾತಿಯ ಪಾಲಿಪ್ ಇರುತ್ತದೆ. ಅವರಲ್ಲಿ ಬಹುತೇಕರು ಅದನ್ನು ಹೊತ್ತುಕೊಂಡೇ ಬೇರೆ ಕಾರಣಕ್ಕೆ ಸಾಯುತ್ತಾರೆ. ನೂರು ಅಡಿನೋಮಗಳಲ್ಲಿ ಕ್ಯಾನ್ಸರ್ ಆಗುವುದು ಐದೋ ಹತ್ತೋ. ಗುದನಾಳದ ಬಳಿ ಕಾಣುವ ಸಣ್ಣ ‘ಹೈಪರ್‌ಪ್ಲಾಸ್ಟಿಕ್’ ಗಂಟುಗಳದ್ದು ಹೆಚ್ಚುಕಡಿಮೆ ನಿರಪಾಯದ ಜಾತಿ. ಆದರೆ ಲೆಕ್ಕವನ್ನು ತಿರುಗಿಸಿ ನೋಡಿದರೆ ಚಿತ್ರವೇ ಬೇರೆ: ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಬಹುಪಾಲು ಒಂದು ಕಾಲಕ್ಕೆ ಇಂಥ ಪಾಲಿಪ್ ಆಗಿಯೇ ಇದ್ದವು. ಗಂಟು ಗಂಟಾಗಿದ್ದಾಗಲೇ ತೆಗೆದರೆ ಕ್ಯಾನ್ಸರನ್ನು ಬೇಗ ಪತ್ತೆ ಹಚ್ಚಿದಂತಲ್ಲ, ಹುಟ್ಟದಂತೆಯೇ ಮಾಡಿದಂತೆ. ಈ ಭಾಗ್ಯ ಎಲ್ಲ ಕ್ಯಾನ್ಸರುಗಳಿಗೂ ಇಲ್ಲ.

ವೈದ್ಯರು ಮೂರು ಸಂಗತಿ ನೋಡುತ್ತಾರೆ. ಮೊದಲನೆಯದು ಅಳತೆ: 5 ಮಿಲಿಮೀಟರಿನೊಳಗಿನ ಗಂಟಿನಲ್ಲಿ ಕ್ಯಾನ್ಸರ್ ಸಿಗುವುದು ಅಪರೂಪ, 10 ಮಿಲಿಮೀಟರ್ ದಾಟಿದರೆ ಎಚ್ಚರ ಬೇಕು. ಎರಡನೆಯದು ಸೂಕ್ಷ್ಮದರ್ಶಕದಡಿ ಕಾಣುವ ವಿನ್ಯಾಸ: ಬೆರಳುಬೆರಳಾಗಿ ಚಾಚಿಕೊಂಡ ‘ವಿಲ್ಲಸ್’ ಬಗೆ ಹೆಚ್ಚು ಅಪಾಯದ್ದು. ಮೂರನೆಯದು ಜೀವಕೋಶಗಳು ಎಷ್ಟು ಶಿಸ್ತು ತಪ್ಪಿವೆ ಎಂಬುದು. 1988ರಲ್ಲಿ ಅಮೆರಿಕದ ಬರ್ಟ್ ವೋಗೆಲ್‌ಸ್ಟೈನ್ ಮತ್ತು ಸಂಗಡಿಗರು ಈ ಶಿಸ್ತುಗೇಡು ಒಂದೇ ಏಟಿಗೆ ಆಗುವುದಲ್ಲ, ಜೀನುಗಳಲ್ಲಿ ಒಂದರ ಮೇಲೊಂದು ದೋಷ ಕೂಡುತ್ತಾ ಆಗುವುದು ಎಂದು ತೋರಿಸಿದರು. ಸಣ್ಣ ಅಡಿನೋಮ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷವೋ ಹೆಚ್ಚೋ ಬೇಕು. ತಡೆಯಲು ಸಿಗುವ ಕಾಲ ಅಷ್ಟು ಉದ್ದದ್ದು.

ತೆಗೆಯುವ ಕೆಲಸ ನೋಡಲು ಸರಳ. ಹಿಂದಿನ ದಿನ ಪುಡಿ ಬೆರೆಸಿದ ನೀರನ್ನು ಲೀಟರ್‌ಗಟ್ಟಲೆ ಕುಡಿದು ಕರುಳನ್ನು ತೊಳೆದುಕೊಳ್ಳಬೇಕು. ರೋಗಿಗಳು ಶಪಿಸುವುದು ಪರೀಕ್ಷೆಗಿಂತ ಈ ರಾತ್ರಿಯನ್ನೇ. ಮಾರನೆಯ ದಿನ ಬೆರಳು ಗಾತ್ರದ ಬಳುಕುವ ಕೊಳವೆ ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳನ್ನು ಸುತ್ತಿ ಬರುತ್ತದೆ; ಇದೇ ಕೊಲೊನೋಸ್ಕೋಪಿ. ಗಂಟು ಕಂಡಲ್ಲಿ ಕೊಳವೆಯೊಳಗಿಂದ ತಂತಿಯ ಕುಣಿಕೆ ಹೊರಬರುತ್ತದೆ, ಗಂಟಿನ ಬುಡಕ್ಕೆ ಬೀಳುತ್ತದೆ, ಬಿಗಿಯುತ್ತದೆ. ದೊಡ್ಡ ಗಂಟಾದರೆ ತಂತಿಗೆ ವಿದ್ಯುತ್ ಹಾಯಿಸಿ ಸುಟ್ಟು ಕತ್ತರಿಸುತ್ತಾರೆ. ಕರುಳಿನ ಒಳಪದರಕ್ಕೆ ನೋವಿನ ಅರಿವಿಲ್ಲದ್ದರಿಂದ ಕತ್ತರಿಸಿದ್ದು ರೋಗಿಗೆ ತಿಳಿಯುವುದಿಲ್ಲ. 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವೂಲ್ಫ್ ಈ ದಾರಿ ತೋರಿಸುವವರೆಗೆ ಇದೇ ಗಂಟಿಗಾಗಿ ಹೊಟ್ಟೆ ಕೊಯ್ಯಬೇಕಿತ್ತು. ಅಡಿನೋಮ ತೆಗೆಸಿಕೊಂಡವರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಮೆರಿಕದ ಅಧ್ಯಯನವೊಂದು 2012ರಲ್ಲಿ ಹೇಳಿದ್ದು: ಸಾಮಾನ್ಯ ಜನರಲ್ಲಿ ನಿರೀಕ್ಷಿಸಬಹುದಾದ ಕರುಳಿನ ಕ್ಯಾನ್ಸರ್ ಸಾವುಗಳಿಗೆ ಹೋಲಿಸಿದರೆ ಇವರಲ್ಲಿ ಶೇಕಡಾ 53ರಷ್ಟು ಕಡಿಮೆ.

ಇಷ್ಟಾದ ಮೇಲೆ ಎಲ್ಲರಿಗೂ ಕೊಲೊನೋಸ್ಕೋಪಿ ಮಾಡಿಸಿದರೆ ಮುಗಿಯಿತಲ್ಲ ಎನಿಸಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿಹೋದಾಗ ಶ್ರೀರಾಮನಗರದ ಭತ್ತದ ರೈತರೂ ಕೇಳಿದ್ದು ಇದನ್ನೇ: ಮೊದಲೇ ಪ್ರತಿ ಚೈನನ್ನೂ ನೋಡಬಾರದಿತ್ತೆ? ಗೇಟಿನ ವಿಷಯದಲ್ಲಿ ಆ ಪ್ರಶ್ನೆ ನ್ಯಾಯವಾದದ್ದು. 33 ಗೇಟುಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು, ಪರೀಕ್ಷೆಯಿಂದ ಗೇಟಿಗೆ ಹಾನಿ ಇಲ್ಲ. ಕರುಳು ಗೇಟಲ್ಲ. ಅಪರೂಪಕ್ಕಾದರೂ ಕೊಳವೆ ಕರುಳನ್ನು ತೂತು ಮಾಡಬಹುದು, ಗಂಟು ಕಿತ್ತ ಜಾಗ ರಕ್ತ ಸುರಿಸಬಹುದು. ಲಾಭದ ಪ್ರಮಾಣವೂ ಅಂದುಕೊಂಡಷ್ಟಿಲ್ಲ. ಯೂರೋಪಿನ ‘ನಾರ್ಡಿಕ್’ ಪ್ರಯೋಗ 2022ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಕೊಲೊನೋಸ್ಕೋಪಿಗೆ ಆಹ್ವಾನ ಪಡೆದವರಲ್ಲಿ ಹತ್ತು ವರ್ಷಕ್ಕೆ ಕ್ಯಾನ್ಸರ್ ಶೇಕಡಾ 18ರಷ್ಟು ಕಡಿಮೆ ಇತ್ತು. ಒಂದು ಕ್ಯಾನ್ಸರ್ ತಪ್ಪಿಸಲು 455 ಮಂದಿಯನ್ನು ಕರೆಯಬೇಕಾಗಿತ್ತು. ಕರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬರಲೇ ಇಲ್ಲ ಎಂಬುದೂ ಈ ಲೆಕ್ಕದೊಳಗಿದೆ. ಇದು ಕರುಳಿನ ಕ್ಯಾನ್ಸರ್ ನಮಗಿಂತ ಎಷ್ಟೋ ಪಟ್ಟು ಹೆಚ್ಚಿರುವ ದೇಶಗಳ ಮಾತು. ಭಾರತದಲ್ಲಿ ಅದೇ ಜಾಲ ಬೀಸಿದರೆ ಸಿಗುವ ಮೀನು ಇನ್ನೂ ಕಡಿಮೆ.

ಕಡಿಮೆ ಖರ್ಚಿನ ಇನ್ನೊಂದು ದಾರಿ ಮಲದಲ್ಲಿ ಅಡಗಿದ ರಕ್ತದ ಪರೀಕ್ಷೆ. ವರ್ಷಕ್ಕೊಮ್ಮೆ ಅದನ್ನು ಮಾಡಿದರೆ ಸಾವು ಮೂರನೆಯ ಒಂದು ಪಾಲು ಇಳಿಯುತ್ತದೆಂದು ಅಮೆರಿಕದ ಮಿನೆಸೋಟದಲ್ಲಿ ನಡೆದ ಪ್ರಯೋಗ 1993ರಲ್ಲೇ ಹೇಳಿತ್ತು. ಆದರೆ ಬರಿಗಾಲಲ್ಲಿ ಕೆಸರುಗದ್ದೆಗೆ ಇಳಿದು ನಾಟಿ ಮಾಡುವವರ ಕರುಳಿನಲ್ಲಿ ಕೊಕ್ಕೆಹುಳುವೂ ರಕ್ತ ಹೀರುತ್ತಿರಬಹುದು. ಹಳೆಯ ಬಗೆಯ ಪರೀಕ್ಷೆಗೆ ಹುಳುವಿನ ರಕ್ತ, ಗಂಟಿನ ರಕ್ತ ಎಂಬ ಭೇದವಿಲ್ಲ. ಹಾಗಾಗಿ ಬೇರೆ ನಾಡಿನ ಸೂತ್ರವನ್ನು ಇದ್ದಂತೆ ತಂದು ಇಲ್ಲಿ ಊರುವುದು ಸರಿಯಲ್ಲ.

ಊಟದ ಮಾತನ್ನೂ ಹೀಗೇ ತೂಗಿ ಆಡಬೇಕು. ಕೊಪ್ಪಳ ಜಿಲ್ಲೆಯಲ್ಲಿ ಎರಡು ತಟ್ಟೆಗಳಿವೆ: ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಗಂಗಾವತಿಯ ನೀರಾವರಿಯಲ್ಲಿ ಪಾಲಿಶ್ ಮಾಡಿದ ಬಿಳಿ ಅನ್ನ. ಉಗಾಂಡದಲ್ಲಿ ದುಡಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1971ರಲ್ಲಿ, ನಾರು ತುಂಬಿದ ಊಟವೇ ಆಫ್ರಿಕದ ಹಳ್ಳಿಗರನ್ನು ಕಾಯುತ್ತಿದೆ ಎಂದು ವಾದಿಸಿದ. ಒಟ್ಟು ಜನಸಮುದಾಯದ ಮಟ್ಟದಲ್ಲಿ ಆ ಮಾತಿಗೆ ಇಂದಿಗೂ ಬಲವಿದೆ. ಆದರೆ 2000ದಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಪಾಲಿಪ್ ತೆಗೆಸಿಕೊಂಡವರು ನಾಲ್ಕು ವರ್ಷ ನಾರು ಹೆಚ್ಚಿಸಿ ಕೊಬ್ಬು ಇಳಿಸಿ ಉಂಡರೂ ಹೊಸ ಪಾಲಿಪ್‌ಗಳು ಕಡಿಮೆಯಾಗಲಿಲ್ಲ. ಜೋಳದ ರೊಟ್ಟಿ ಒಳ್ಳೆಯದೇ. ‘ನಾನು ರೊಟ್ಟಿ ತಿನ್ನೋನು, ನನಗೇನಾಗ್ತೈತಿ’ ಎನ್ನುವ ಧೈರ್ಯಕ್ಕೆ ಮಾತ್ರ ಆಧಾರವಿಲ್ಲ. ಸಿಗರೇಟು, ಸಾರಾಯಿ, ಬೊಜ್ಜು ಆ ಧೈರ್ಯವನ್ನು ಇನ್ನಷ್ಟು ಟೊಳ್ಳು ಮಾಡುತ್ತವೆ.

ಎಲ್ಲರಲ್ಲೂ ಹುಡುಕಬೇಕಿಲ್ಲ ಎಂದರೆ ಯಾರಲ್ಲೂ ಹುಡುಕಬೇಕಿಲ್ಲ ಎಂದಲ್ಲ. ನಮ್ಮಂಥ ಊರಿಗೆ ಒಪ್ಪುವ ಸರದಿ ಬೇರೆ: ಮೊದಲು ಲಕ್ಷಣ ಇರುವವರು, ಆಮೇಲೆ ಅವರಲ್ಲಿ ರೋಗ ಸಿಕ್ಕವರ ರಕ್ತಸಂಬಂಧಿಗಳು. ನಲವತ್ತು ದಾಟಿದವರಿಗೆ ಮಲದಲ್ಲಿ ರಕ್ತ ಹೋಗುತ್ತಿದ್ದರೆ, ತಿಂಗಳುಗಟ್ಟಲೆ ಮಲದ ರೀತಿಯೇ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ ಕರುಳನ್ನು ನೋಡಿಸಲೇಬೇಕು. ವಯಸ್ಸು ಚಿಕ್ಕದೆಂದು ರಕ್ತವನ್ನು ತಳ್ಳಿಹಾಕುವಂತಿಲ್ಲ: ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ 800 ಕರುಳಿನ ಕ್ಯಾನ್ಸರ್ ರೋಗಿಗಳ ಅಧ್ಯಯನದಲ್ಲಿ ಸರಾಸರಿ ವಯಸ್ಸು 47 ಇತ್ತು. ದೊಡ್ಡ ಕರುಳಿನ ಬಲಭಾಗದ ಗಂಟು ಇನ್ನೂ ಮೋಸಗಾರ. ಅದರ ರಕ್ತ ಮಲದೊಳಗೇ ಕಲೆತುಹೋಗಿ ಕಾಣುವುದಿಲ್ಲ; ಸುಸ್ತು, ರಕ್ತಹೀನತೆಯಷ್ಟೇ ಉಳಿಯುತ್ತದೆ. ಗಂಡಸಿಗೆ ಅಥವಾ ಮುಟ್ಟು ನಿಂತ ಹೆಂಗಸಿಗೆ ಹಿಮೋಗ್ಲೋಬಿನ್ ಇಳಿದರೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರೆ ಸಾಲದು. ಆ ಮಾತ್ರೆಯೇ ಮಲವನ್ನು ಕಪ್ಪು ಮಾಡಿ, ಒಳಗೆ ರಕ್ತ ಹೋಗುತ್ತಿದ್ದರೂ ಗೊತ್ತಾಗದಂತೆ ಮಾಡುತ್ತದೆ.

ಅರ್ಧ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ ಸಾಕ್ಷಿ. 1984ರಲ್ಲಿ ಕರುಳಿನ ಕೆಳಭಾಗವನ್ನಷ್ಟೇ ನೋಡುವ ಪರೀಕ್ಷೆಯಲ್ಲಿ ಅವರಿಗೆ ಸಣ್ಣ, ನಿರಪಾಯದ ಗಂಟು ಸಿಕ್ಕಿತ್ತು. 1985ರ ಜುಲೈನಲ್ಲಿ ಇನ್ನೊಂದು ಗಂಟು ತೆಗೆಯಲು ಪೂರ್ತಿ ಕೊಳವೆ ಹಾಕಿದಾಗ ಕರುಳಿನ ಮತ್ತೊಂದು ತುದಿಯಲ್ಲಿ ದೊಡ್ಡ ಗೆಡ್ಡೆ ಕಂಡಿತು. ಮರುದಿನವೇ ಶಸ್ತ್ರಚಿಕಿತ್ಸೆ, ಒಳಗೆ ಕ್ಯಾನ್ಸರ್ ಇತ್ತು. ಆಮೇಲೆ ಅವರು ಸುಮಾರು 19 ವರ್ಷ ಬದುಕಿದರು.

ದೇಶದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮ 30 ದಾಟಿದವರಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳನ್ನು ತಪಾಸಣೆ ಮಾಡುತ್ತದೆ. ಇಲ್ಲಿ ಹೆಚ್ಚು ಕಾಡುವವು ಅವೇ, ಆದ್ದರಿಂದ ಆಯ್ಕೆ ಸರಿ. ಅದಕ್ಕೆ ಕೊಲೊನೋಸ್ಕೋಪಿ ಸೇರಿಸಬೇಕಿಲ್ಲ. ಮನೆಗೆ ಬರುವ ಆಶಾ ಕಾರ್ಯಕರ್ತೆ ‘ಹೊರಕಡಿಗೆ ಹೋದಾಗ ರಕ್ತ ಹೋಗ್ತೈತೇನ್ರಿ, ಎಷ್ಟು ದಿನದಿಂದ?’ ಎಂದು ಕೇಳಿದರೆ ಸಾಕು. ಚರಗಿ ಹಿಡಿದು ಕಾಲುವೆ ದಂಡೆಗೆ ಹೋಗುತ್ತಿದ್ದ ಕಾಲದಲ್ಲಿ ನೋಡುವ ಮಾತೇ ಇರಲಿಲ್ಲ. ಈಗ ಮನೆಯ ಶೌಚಾಲಯದ ಬಿಳಿ ಪ್ಯಾನಿನಲ್ಲಿ ಅದು ಕಾಣುತ್ತದೆ, ಕೇಳುವವರು ಬೇಕು. ಮೂಲವ್ಯಾಧಿ ಎಂದು ಬರೆದುಕೊಡುವ ಮೊದಲು ವೈದ್ಯರು ಕೈಗವಸು ತೊಟ್ಟು ಗುದದೊಳಗೆ ಬೆರಳಿಟ್ಟು ನೋಡುವುದು ಒಂದು ನಿಮಿಷದ ಕೆಲಸ. ನಾಚಿಕೆ ರೋಗಿಯದು, ಅವಸರ ವೈದ್ಯರದು. ಇವೆರಡರ ನಡುವೆ ಕೈತಪ್ಪುವುದು ಈ ಒಂದು ನಿಮಿಷವೇ.

ಆ ನಿಮಿಷದಿಂದ ಯಾರಾದರೂ ಹುಬ್ಬಳ್ಳಿಗೋ ಬಳ್ಳಾರಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಿ ಗಂಟು ತೆಗೆಸಿಕೊಂಡರೆ, ವಾಪಸು ಬರುವಾಗ ಬಯಾಪ್ಸಿ ವರದಿಯ ಕಾಗದ ಕೈಯಲ್ಲಿರಬೇಕು. ಸಾಮಾನ್ಯವಾಗಿ ಗಂಟು ಹೋದ ಮೇಲೆ ಆ ಕಾಗದವೂ ಹೋಗುತ್ತದೆ. ಆದರೆ ಮುಂದಿನ ಪರೀಕ್ಷೆ ಮೂರು ವರ್ಷಕ್ಕೋ ಹತ್ತು ವರ್ಷಕ್ಕೋ ಎಂಬುದು ಅದರಲ್ಲಿ ಬರೆದಿರುವ ಅಳತೆ, ಜಾತಿ, ಸಂಖ್ಯೆಯ ಮೇಲೆ ನಿಂತಿದೆ. ಗಂಟುಗಳು ನೂರಾರು ಇದ್ದರೆ ಅದು ವಂಶದಲ್ಲಿ ಇಳಿದು ಬರುವ ರೋಗ, ಮಕ್ಕಳಲ್ಲಿ ಇಬ್ಬರಿಗೊಬ್ಬರಂತೆ ದಾಟುವ ಸಂಭವವಿದೆ; ಅವರ ಪರೀಕ್ಷೆ ಹರೆಯದಲ್ಲೇ ಶುರುವಾಗಬೇಕು. ವರದಿ ಕ್ಯಾನ್ಸರ್ ಎಂದಿದ್ದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು 40ಕ್ಕೆ, ಇಲ್ಲವೇ ಆ ವ್ಯಕ್ತಿಗೆ ರೋಗ ಕಂಡ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕರುಳು ನೋಡಿಸಿಕೊಳ್ಳಬೇಕು. ಪಹಣಿ, ಬ್ಯಾಂಕಿನ ಪಾಸ್‌ಬುಕ್, ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಚೀಲ ಪ್ರತಿ ಮನೆಯಲ್ಲೂ ಇದೆ. ಆ ಕಾಗದದ ಜಾಗವೂ ಅದೇ.