ದೇಶ ನೋಡೋಣ: ವಾಹಾಕಾ

ಈ ಸಲ ವಾಚಕರನ್ನು ನಾವು ಮೆಕ್ಸಿಕೋದ ದಕ್ಷಿಣಕ್ಕಿರುವ ವಾಹಾಕಾ ರಾಜ್ಯಕ್ಕೆ ಕರೆದೊಯ್ಯುತ್ತೇವೆ. ನಕಾಶೆಯಲ್ಲಿ ‘ಓಆಕ್ಸಾಕಾ’ ಎಂದು ಓದಿ ನಾವೂ ಮೋಸಹೋದವರೇ. ರಾಜಧಾನಿಯ ಹೆಸರೂ ವಾಹಾಕಾ. ಅದು ಹೆಚ್ಚುಕಡಿಮೆ ಹೈದರಾಬಾದಿನ ಅಕ್ಷಾಂಶದಲ್ಲಿದ್ದರೂ ಅಲ್ಲಿ ಅಂಥ ಸೆಕೆಯಿಲ್ಲ. ಊರಿರುವುದು ಬೆಟ್ಟಗಳ ನಡುವೆ, 1,500 ಮೀಟರಿಗೂ ಮಿಕ್ಕ ಎತ್ತರದಲ್ಲಿ. ಮಳೆಗಾಲ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ.

ಊರ ಪಕ್ಕದ ಮೋಂಟೆ ಆಲ್ಬಾನ್ ಬೆಟ್ಟದ ನೆತ್ತಿಯನ್ನು ಸಮತಟ್ಟು ಮಾಡಿ ಜಪೋತೆಕರು ಕ್ರಿ.ಪೂ. 500ರ ಸುಮಾರಿಗೆ ಪಟ್ಟಣ ಕಟ್ಟಿದರು. ಆ ಜನ ಇಂದಿಗೂ ಇದ್ದಾರೆ; ಅವರ ನುಡಿಯೂ ಇದೆ. 2020ರ ಜನಗಣತಿಯಂತೆ ರಾಜ್ಯದ 41 ಲಕ್ಷ ಜನರಲ್ಲಿ ಸುಮಾರು 12 ಲಕ್ಷ ಮಂದಿ ಜಪೋತೆಕ್, ಮಿಷ್ಟೆಕ್ ಮುಂತಾದ ಮೂಲನಿವಾಸಿಗಳ ಭಾಷೆಯನ್ನಾಡುತ್ತಾರೆ.

ಮನೆಯ ಮಾತೊಂದು, ಕಚೇರಿಯ ಮಾತೊಂದು ಆದರೆ ಏನು ಪಾಡೆಂದು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆನಿತೋ ಹುವಾರೆಸ್ ಎಂಬ ಜಪೋತೆಕ್ ಹುಡುಗ 1806ರಲ್ಲಿ ಗೆಲತಾವ್ ಹಳ್ಳಿಯಲ್ಲಿ ಹುಟ್ಟಿದ. ಮೂರು ವರ್ಷಕ್ಕೇ ತಬ್ಬಲಿ; ಚಿಕ್ಕಪ್ಪನ ಕುರಿ ಕಾಯುತ್ತಿದ್ದ. ಸ್ಪ್ಯಾನಿಷ್ ಕಲಿಯುವ ಹಂಬಲದಿಂದ 1818ರಲ್ಲಿ ಮನೆ ಬಿಟ್ಟು ರಾಜಧಾನಿಗೆ ನಡೆದ. ಅಲ್ಲಿ ಒಬ್ಬರ ಮನೆಯಲ್ಲಿ ಅವನ ಅಕ್ಕ ಅಡುಗೆ ಕೆಲಸಕ್ಕಿದ್ದಳು. ಮುಂದೆ ವಕೀಲನಾದ, 1847ರಲ್ಲಿ ರಾಜ್ಯದ ಗವರ್ನರ್, 1858ರಲ್ಲಿ ದೇಶದ ಅಧ್ಯಕ್ಷ. ಅಕ್ಕ ಅಡುಗೆ ಮಾಡುತ್ತಿದ್ದ ಆ ಊರಿಗೆ ಈಗ ಸರ್ಕಾರಿ ಕಾಗದಗಳಲ್ಲಿ ‘ವಾಹಾಕಾ ದೆ ಹುವಾರೆಸ್’ ಎಂದೇ ಹೆಸರು.