ಧರ್ಮರಾಯನ ನಾಯಿ ಮತ್ತು ನಮ್ಮ ನಾಯಿ

ನಾಯಿಯಷ್ಟು ನಿಯತ್ತಿನ ಪ್ರಾಣಿ ಮತ್ತೊಂದಿಲ್ಲವೆಂಬುದು ಲೋಕವಿದಿತವಾದ ಮಾತು. ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ನಾನೂ ನಾಯಿ ಸಾಕಿದವನೇ. ಆದರೆ ಅದನ್ನು ಸಂಗಡ ಕರೆದುಕೊಂಡು ವನ್ಯಜೀವಿಧಾಮದೊಳಗೆ ವಿಹಾರಕ್ಕೆ ಹೋಗುವುದು ಯೋಗ್ಯವೇ ಎಂಬುದು ಇಲ್ಲಿಯ ಪ್ರಶ್ನೆ.

ರಜೆಯಲ್ಲಿ ಚಿಂಚೋಳಿಯ ಕಾಡನ್ನು ನೋಡಿಬರಬೇಕೆಂದು ನಾವು ನಾಲ್ವರು ಸಹಪಾಠಿಗಳು ನಿಶ್ಚಯಿಸಿದೆವು. ಕಲಬುರಗಿಯಲ್ಲೇ ಮನೆಯುಳ್ಳ ಮಿತ್ರನೊಬ್ಬ ತನ್ನ ನಾಯಿಯನ್ನೂ ಕರೆತರುವೆನೆಂದ. ನಾನು ಬೇಡವೆಂದೆ. "ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಹೋಗಲೊಲ್ಲೆನೆಂದ. ನೀನು ಚಿಂಚೋಳಿಗೇ ಬಿಡಲೊಲ್ಲೆಯಾ?" ಎಂದು ಆತ ನಕ್ಕ. ಎಲ್ಲರೂ ನಕ್ಕರು. ಆಗ ನನಗೆ ಉತ್ತರ ಹೊಳೆಯಲಿಲ್ಲ.

ನಾನು ಬೇಡವೆಂದುದಕ್ಕೆ ಕಾರಣವುಂಟು. ನಮ್ಮೂರು ಕಮಲಾಪುರ, ಕೆಂಪು ಬಾಳೆಗೆ ಹೆಸರಾದ ಊರು. ಕಳೆದ ಬೇಸಿಗೆಯಲ್ಲಿ ಒಂದು ದಿನ ಹೊತ್ತೇರಿದ ಮೇಲೆ ನಾಯಿಯೊಡನೆ ತೋಟ ದಾಟಿ ಕಲ್ಲುನೆಲದ ಕಡೆಗೆ ಹೋದೆ. ಬೇವಿನ ಮರದಡಿ ನಾನು ಕುಳಿತೆ, ನಾಯಿ ಮಲಗಿತು. ಟಿಟ್ಟಿಭ ಹಕ್ಕಿಯೊಂದು ನಮ್ಮ ತಲೆಯ ಮೇಲೆ ಸುತ್ತುತ್ತ ಒಂದೇ ಸಮನೆ ಕೂಗುತ್ತಿತ್ತು. ಅದರ ಸ್ವಭಾವವೇ ಹಾಗೆಂದು ನಾನು ಸುಮ್ಮನಿದ್ದೆ. ಗಂಟೆ ಕಳೆದು ಎದ್ದಾಗ, ಹತ್ತು ಹೆಜ್ಜೆಯಾಚೆ ಹರಳುಗಳ ನಡುವೆ ನಾಲ್ಕು ಮೊಟ್ಟೆಗಳು ಕಂಡವು. ಬೆರಳಿಟ್ಟೆ, ಕಾದ ಕಲ್ಲಿನಂತೆ ಸುಟ್ಟವು. ವಾರದ ಮೇಲೆ ಹೋದಾಗ ಮೊಟ್ಟೆಗಳು ಅಲ್ಲೇ ಇದ್ದವು, ಹಕ್ಕಿ ಇರಲಿಲ್ಲ.

ನಮ್ಮ ಕಡೆಯ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುವುದು ಎಲ್ಲರೂ ಬಲ್ಲ ಸಂಗತಿ. ಟಿಟ್ಟಿಭವು ಮೊಟ್ಟೆಯ ಮೇಲೆ ಕೂಡುವುದು ಕಾವಿಗಾಗಿ ಮಾತ್ರವಲ್ಲ, ನೆರಳಿಗಾಗಿಯೂ ಹೌದು. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಗೊಳಿಸುವುದೂ ಉಂಟು. ಅಂಥ ಹಕ್ಕಿಯನ್ನು ಎಬ್ಬಿಸಿ ದೂರವಿರಿಸಿದರೆ ಸಾಕು, ಉಳಿದ ಕೆಲಸವನ್ನು ಬಿಸಿಲೇ ಮಾಡುತ್ತದೆ. "ನನ್ನ ನಾಯಿ ಯಾರನ್ನೂ ಕಚ್ಚುವುದಿಲ್ಲ" ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯೇನು? ನನ್ನ ನಾಯಿಯೂ ಕಚ್ಚಿರಲಿಲ್ಲ, ಮಲಗಿತ್ತು.

ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅದರ ವಿಸ್ತಾರ ಸುಮಾರು 135 ಚದರ ಕಿಲೋಮೀಟರು. ತೋಳ, ಕತ್ತೆಕಿರುಬ ಮೊದಲಾದವುಗಳಿಗೆ ನಮ್ಮ ಜಿಲ್ಲೆಯಲ್ಲಿ ಉಳಿದಿರುವ ಆಸರೆ ಅದು. ನಾಯಿಯ ರೋಗ ತೋಳಕ್ಕೂ ತಗಲುತ್ತದೆ. 2018ರಲ್ಲಿ ಗುಜರಾತಿನ ಗೀರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ನಾಯಿಗಳಲ್ಲಿ ಕಾಣುವ ಡಿಸ್ಟೆಂಪರ್ ರೋಗದ ವೈರಾಣು ಅವುಗಳಲ್ಲಿ ಪತ್ತೆಯಾಯಿತು. ಕಡಲ ತೀರದಲ್ಲಿಯೂ ಇದೇ ಕಥೆ. ಹೊನ್ನಾವರದ ಬಳಿ ಕಡಲಾಮೆಗಳು ಮರಳಿನಲ್ಲಿ ಹೂತಿಡುವ ಮೊಟ್ಟೆಗಳಿಗೆ, ಅವನ್ನು ಅಗೆದು ತಿನ್ನುವ ನಾಯಿಗಳದೇ ದೊಡ್ಡ ಭಯ.

ಕುರಿ ಕಾಯುವವರ ನಾಯಿಗಳು ಅಡವಿಯಂಚಿನಲ್ಲಿ ತಿರುಗುತ್ತಿರುವಾಗ ನಮ್ಮದೊಂದಕ್ಕೇಕೆ ತಡೆ ಎಂದು ಕೆಲವರು ಕೇಳಬಹುದು. ಅವರಿಗೆ ಅದು ಹೊಟ್ಟೆಯ ಪಾಡು. ನಮಗೆ ಕೇವಲ ವಿನೋದ. ಸುಲಭವಾಗಿ ಬಿಡಬಲ್ಲವನು ಮೊದಲು ಬಿಡುವುದೇ ನ್ಯಾಯವಲ್ಲವೆ? ನಾಯಿಗೆ ತಿರುಗಾಟ ಬೇಕು, ನಿಜ. ಬಂಡಿದಾರಿಯುಂಟು, ಬೆಳಗಿನ ತಂಪು ಹೊತ್ತುಂಟು, ಕೊರಳಿಗೆ ಸರಪಳಿಯುಂಟು. ಇಷ್ಟರಲ್ಲಿ ಅದು ಸಂತೋಷವಾಗಿಯೇ ಇರುತ್ತದೆ.

ಇನ್ನು ಧರ್ಮರಾಯನ ಮಾತು. ಆತ ನಾಯಿಯನ್ನು ಎಳೆದುಕೊಂಡು ಸ್ವರ್ಗದ ಬಾಗಿಲನ್ನು ನುಗ್ಗಲಿಲ್ಲ. ನಾಯಿಗೆ ಪ್ರವೇಶವಿಲ್ಲವಾದರೆ ತನಗೂ ಸ್ವರ್ಗ ಬೇಡವೆಂದು ಹೊರಗೇ ನಿಂತ. ಅವನ ನಾಯಿಪ್ರೀತಿಯನ್ನು ಹೊಗಳುವವರು ಅವನ ಈ ತ್ಯಾಗವನ್ನೂ ನೆನೆಯಬೇಕು. ನನ್ನ ಮಿತ್ರನಲ್ಲಿ ಒಂದು ವಿನಂತಿ: ನಾಯಿಯನ್ನು ಬಿಟ್ಟುಬರಲು ಮನಸ್ಸು ಒಪ್ಪದಿದ್ದರೆ ಕರೆದು ತಾ. ನೀವು ಮೂವರು ಕಾಡನ್ನು ನೋಡಿಬನ್ನಿರಿ. ಅದರೊಡನೆ ಹೊರಗೆ ಕುಳಿತಿರಲು ನಾನು ಸಿದ್ಧ.