ದಿನಚರಿಯನ್ನು ಕೊಂದವರು ಯಾರು?



ಹೊಸ ವರ್ಷ ಬಂತೆಂದರೆ ನಮ್ಮ ಮನೆಗಳಿಗೆ ಎರಡು ವಸ್ತುಗಳು ಬಂದು ಸೇರುತ್ತವೆ. ಒಂದು, ಗೋಡೆಗೆ ತೂಗುಹಾಕುವ ಕ್ಯಾಲೆಂಡರ್. ಇನ್ನೊಂದು, ಬ್ಯಾಂಕೋ ಬಟ್ಟೆ ಅಂಗಡಿಯೋ ಉಚಿತವಾಗಿ ಕೊಟ್ಟ ಡೈರಿ. ಕ್ಯಾಲೆಂಡರ್ ಡಿಸೆಂಬರ್‌ವರೆಗೂ ದುಡಿಯುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ಸಂಘದ ಕಂತು ಕಟ್ಟಬೇಕಾದ ತಾರೀಕು ಎಲ್ಲವೂ ಅದರ ಚೌಕಗಳೊಳಗೆ ಅಚ್ಚುಕಟ್ಟಾಗಿ ಕುಳಿತುಕೊಳ್ಳುತ್ತವೆ. ಡೈರಿಯಾದರೋ ಜನವರಿಯ ಮೊದಲ ವಾರದಲ್ಲಿ ನಾಲ್ಕು ಪುಟ ತುಂಬಿಸಿಕೊಂಡು, ಫೆಬ್ರವರಿಯ ಹೊತ್ತಿಗೆ ದಿನಸಿಯ ಪಟ್ಟಿ ಬರೆಯುವ ಪುಸ್ತಕವಾಗಿ, ಕೊನೆಗೆ ರದ್ದಿಯವನ ತಕ್ಕಡಿ ಸೇರುತ್ತದೆ. ಹಾಲಿನ ಲೆಕ್ಕಕ್ಕೆ ಮನೆಯಲ್ಲಿ ಸಿಕ್ಕಿರುವ ಸ್ಥಾನ ಆತ್ಮದ ಲೆಕ್ಕಕ್ಕೆ ಸಿಕ್ಕಿಲ್ಲ.

ಯಾಕೆಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಸಮಯವೆಲ್ಲಿದೆ ಫಾದರ್?" ಅಥವಾ, "ನಮಗೆಲ್ಲ ಬರೆಯಲು ಎಲ್ಲಿ ಬರುತ್ತದೆ?" ಈ ಎರಡು ಉತ್ತರಗಳನ್ನೂ ನಾನು ಒಪ್ಪುವುದಿಲ್ಲ. ದಿನಚರಿ ತಾನಾಗಿ ಸಾಯಲಿಲ್ಲ, ಅದನ್ನು ಕೊಲ್ಲಲಾಗಿದೆ. ಆರೋಪಿಗಳು ಮೂವರು. ಎಲ್ಲ ವಯಸ್ಸಿಗೂ ಒಂದೇ ಅಳತೆಯ ಅಂಗಿ ಹೊಲಿದುಕೊಟ್ಟ ನಿಯಮ ಮೊದಲನೆಯದು. ಮಕ್ಕಳ ಪುಸ್ತಕವನ್ನು ಅವರಿಲ್ಲದಾಗ ತೆರೆದು ನೋಡುವ ಹೆತ್ತವರ ಕಣ್ಣು ಎರಡನೆಯದು. ಅಂತರಂಗವನ್ನು ಜಗಲಿಗೆ ತಂದಿಟ್ಟು ಪ್ರದರ್ಶಿಸುವ ನಮ್ಮ ಕಾಲದ ಚಟ ಮೂರನೆಯದು.

ಮೊದಲನೆಯ ಆರೋಪಿಯನ್ನು ವಿಚಾರಿಸೋಣ. ದಿನವೂ ಬರೆಯಬೇಕು, ಪುಟ ತುಂಬಬೇಕು, ನಡುವೆ ಒಂದು ದಿನವೂ ತಪ್ಪಬಾರದು ಎಂಬುದು ಶಾಲೆಗಳಲ್ಲಿಯೂ ಶಿಬಿರಗಳಲ್ಲಿಯೂ ಕೇಳಿಬರುವ ಉಪದೇಶ. ಇದು ಸಂತರ ಮಾರ್ಗವೇ? ಸಂತ ಪೋಪ್ 23ನೇ ಜಾನ್ ಅವರನ್ನು ನೋಡಿ. 1895ರಲ್ಲಿ, ಬೆರ್ಗಾಮೊ ನಗರದ ಗುರುಮಠದಲ್ಲಿ ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗ ಅವರು ಒಂದು ಟಿಪ್ಪಣಿ ಪುಸ್ತಕವನ್ನು ಆರಂಭಿಸಿದರು. ಹುಡುಗನ ಪುಟಗಳಲ್ಲಿ ಇರುವುದು ಪಾಲಿಸಬೇಕಾದ ನಿಯಮಗಳ ಪಟ್ಟಿ. ಯುವಕನ ಪುಟಗಳಲ್ಲಿ ತನ್ನ ಕೊರತೆಗಳ ಮೇಲೆ ತಾನೇ ಹೂಡಿದ ಕಟ್ಟುನಿಟ್ಟಿನ ವಿಚಾರಣೆ. ಮುಂದೆ ಅವರು ಬಲ್ಗೇರಿಯ, ತುರ್ಕಿ, ಫ್ರಾನ್ಸ್ ದೇಶಗಳಲ್ಲಿ ಪೋಪರ ಪ್ರತಿನಿಧಿಯಾಗಿಯೂ ವೆನಿಸ್ ನಗರದ ಧರ್ಮಾಧ್ಯಕ್ಷರಾಗಿಯೂ ಇದ್ದ ದೀರ್ಘ ವರ್ಷಗಳಲ್ಲಿ ಆ ಪುಸ್ತಕ ಬಹುಮಟ್ಟಿಗೆ ವಾರ್ಷಿಕ ಧ್ಯಾನಕೂಟದ ಟಿಪ್ಪಣಿಯಾಗಿ ಬದಲಾಯಿತು. 1961ರ ಆಗಸ್ಟ್ ತಿಂಗಳಲ್ಲಿ, ಎಂಬತ್ತರ ಹೊಸ್ತಿಲಲ್ಲಿ ನಿಂತು ಬರೆದ ಪುಟಗಳಲ್ಲಿ ಕಾಣುವುದು ಲೋಕದ ಹೊಣೆ ಹೊತ್ತ ಮುದುಕರೊಬ್ಬರು ಮರಣಕ್ಕೆ ಸಮಾಧಾನದಿಂದ ಸಿದ್ಧರಾಗುವ ಬಗೆ. 1963ರಲ್ಲಿ ಅವರು ತೀರಿಕೊಂಡ ಮರುವರ್ಷವೇ ಆ ಬರಹಗಳು 'ಆತ್ಮದ ದಿನಚರಿ' ಎಂಬ ಅರ್ಥದ ಹೆಸರಿನಲ್ಲಿ ಗ್ರಂಥವಾಗಿ ಹೊರಬಂದವು. ಅರವತ್ತಕ್ಕೂ ಹೆಚ್ಚು ವರ್ಷ ಬಾಳಿದ ದಿನಚರಿ ಅದು! ಬಾಳಿದ್ದು ಹೇಗೆ? ಬರೆಯುವವರ ವಯಸ್ಸಿನೊಡನೆ ಅದೂ ತನ್ನ ರೂಪವನ್ನು ಬದಲಾಯಿಸಿಕೊಂಡಿತು. ದಿನಕ್ಕೊಂದು ಪುಟ, ಇಲ್ಲವಾದರೆ ಏನೂ ಬೇಡ ಎಂದು ಹಟ ಹಿಡಿದಿದ್ದರೆ ಅದು ಗುರುಮಠದ ಗೋಡೆಗಳ ಒಳಗೇ ಮುಗಿದುಹೋಗುತ್ತಿತ್ತು.

ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲರ ಆಧ್ಯಾತ್ಮಿಕ ದಿನಚರಿಯಲ್ಲಿ ಉಳಿದು ಬಂದಿರುವುದು 1544ರ ಫೆಬ್ರವರಿಯಿಂದ 1545ರ ಫೆಬ್ರವರಿಯವರೆಗಿನ ಭಾಗ ಮಾತ್ರ. ಅದರ ಮೊದಲರ್ಧದಲ್ಲಿ, ತಮ್ಮ ಸಭೆ ಯಾವ ಬಗೆಯ ಬಡತನವನ್ನು ಕೈಗೊಳ್ಳಬೇಕೆಂಬ ನಿರ್ಧಾರದ ತೊಳಲಾಟವನ್ನು ವಿವರವಾಗಿ ಬರೆದಿದ್ದಾರೆ. ಎರಡನೆಯ ಭಾಗದಲ್ಲಿ ಅನೇಕ ದಿನಗಳಿಗೆ ಕೇವಲ ಕೆಲವು ಗುರುತುಗಳು, ಬಲಿಪೂಜೆಯಲ್ಲಿ ಕಣ್ಣೀರು ಬಂದಿತೋ ಇಲ್ಲವೋ ಎಂಬ ಸೂಚನೆ ಮಾತ್ರ. ಅಷ್ಟೇ ಸಾಕಾಗಿತ್ತು ಅವರಿಗೆ. ಸಮಯವಿಲ್ಲ ಎನ್ನುವವರಿಗೆ ಇದು ಉತ್ತರ. ಬರೆಯಲು ಬರುವುದಿಲ್ಲ ಎನ್ನುವವರಿಗೆ ಸಂತ ಫೌಸ್ತೀನರೇ ಉತ್ತರ. ಮೂರು ವರ್ಷವೂ ಪೂರ್ತಿಯಾಗಿ ಶಾಲೆ ಕಾಣದ ಪೋಲೆಂಡಿನ ಆ ಕನ್ಯಾಸ್ತ್ರೀ, 1938ರಲ್ಲಿ ಕಣ್ಣು ಮುಚ್ಚುವ ಮುನ್ನ, ಕೊನೆಯ ನಾಲ್ಕು ವರ್ಷಗಳಲ್ಲಿ ಆರು ನೋಟ್‌ಪುಸ್ತಕಗಳನ್ನು ತುಂಬಿದರು. ದೈವಿಕ ಕರುಣೆಯ ಭಕ್ತಿ ಇಂದು ನಮ್ಮ ಧರ್ಮಕೇಂದ್ರಗಳವರೆಗೂ ಹರಿದು ಬಂದಿರುವುದು ಆ ನೋಟ್‌ಪುಸ್ತಕಗಳಿಂದ.

"ತನ್ನ ಬಗ್ಗೆ ತಾನೇ ಬರೆದುಕೊಳ್ಳುವುದು ಅಹಂಕಾರವಲ್ಲವೇ?" ಎಂದು ಕೆಲವು ಭಕ್ತರು ಕೇಳುತ್ತಾರೆ. ಅಹಂಕಾರಕ್ಕೆ ಪ್ರೇಕ್ಷಕರು ಬೇಕು. ಮುಚ್ಚಿದ ಪುಸ್ತಕಕ್ಕೆ ಪ್ರೇಕ್ಷಕರೆಲ್ಲಿ? ಮಾತೆ ಮರಿಯಮ್ಮ ನಡೆದುದೆಲ್ಲವನ್ನೂ ಹೃದಯದಲ್ಲಿ ಕಾಪಾಡಿಕೊಂಡು ಬಂದರೆಂಬುದನ್ನು ಸಂತ ಲೂಕರು ಒಂದೇ ಅಧ್ಯಾಯದಲ್ಲಿ ಎರಡು ಸಲ ಹೇಳಿದ್ದಾರೆ. ಮರೆಯುವ ಸ್ವಭಾವದ ನಮಗೆ ಆ ಕಾಪಾಡಿಕೊಳ್ಳುವ ಕೆಲಸಕ್ಕೆ ಕಾಗದವೂ ಪೆನ್ನೂ ಬೇಕಾಗುತ್ತವೆ, ಅಷ್ಟೇ.

ಇನ್ನು ಎರಡನೆಯ ಆರೋಪಿ. ತಾಯಂದಿರೇ, ತಂದೆಯರೇ, ಸ್ವಲ್ಪ ಕಹಿಯಾದ ಮಾತು ಹೇಳುತ್ತೇನೆ, ಸಹಿಸಿಕೊಳ್ಳಿ. ಮಗಳು ಶಾಲೆಗೆ ಹೋದ ಮೇಲೆ ಅವಳ ಚೀಲದಿಂದ ನೋಟ್‌ಪುಸ್ತಕ ತೆಗೆದು ಓದುವುದನ್ನು ನಾವು ಕಾಳಜಿ ಎಂದು ಕರೆಯುತ್ತೇವೆ. ಓದಿದ್ದನ್ನು ಊಟದ ಹೊತ್ತಿನಲ್ಲಿ ಎಲ್ಲರೆದುರು ಆಡಿ ನಗುವ ಮನೆಗಳೂ ಇವೆ. ಅಂದು ಆ ಹುಡುಗಿ ಎರಡು ಪಾಠ ಕಲಿಯುತ್ತಾಳೆ. ಈ ಮನೆಯಲ್ಲಿ ನಿಜ ಬರೆಯಬಾರದು ಎಂಬುದು ಒಂದು. ಬರೆದರೂ ಇನ್ನೊಬ್ಬರು ಓದುತ್ತಾರೆಂದು ಎಣಿಸಿಯೇ ಬರೆಯಬೇಕು ಎಂಬುದು ಇನ್ನೊಂದು. ಮೊದಲನೆಯದು ಮೌನವನ್ನು ಕಲಿಸುತ್ತದೆ, ಎರಡನೆಯದು ಕಪಟವನ್ನು.

ಈ ವಿಷಯದಲ್ಲಿ ಧರ್ಮಸಭೆ ತನ್ನ ಮೇಲೆಯೇ ಎಂತಹ ಕಡಿವಾಣ ಹಾಕಿಕೊಂಡಿದೆ ಎಂಬುದನ್ನು ಗಮನಿಸಿ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 630ನೇ ವಿಧಿ, ಮಠದ ಅಧಿಕಾರಿಗಳು ತಮ್ಮ ಸದಸ್ಯರ ಮೇಲೆ ಯಾವುದೇ ರೀತಿಯ ಒತ್ತಡ ತಂದು ಅಂತಃಸಾಕ್ಷಿಯನ್ನು ಬಿಚ್ಚಿಡುವಂತೆ ಮಾಡುವುದನ್ನು ನಿಷೇಧಿಸಿದೆ. 240ನೇ ವಿಧಿಯಂತೆ, ಗುರು ಅಭ್ಯರ್ಥಿಗೆ ದೀಕ್ಷೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಅವನ ಪಾಪನಿವೇದನೆ ಕೇಳುವ ಗುರುವಿನ ಅಥವಾ ಆಧ್ಯಾತ್ಮಿಕ ಮಾರ್ಗದರ್ಶಿಯ ಅಭಿಪ್ರಾಯವನ್ನು ಎಂದಿಗೂ ಕೇಳುವಂತಿಲ್ಲ. ಧರ್ಮಾಧ್ಯಕ್ಷರಿಗೂ ಇಲ್ಲದ ಹಕ್ಕು ಅಪ್ಪನಿಗೆ ಎಲ್ಲಿಂದ ಬಂತು? ಪ್ರಾರ್ಥಿಸುವಾಗ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆಂದು ಯೇಸುಸ್ವಾಮಿ ಕಲಿಸಿದರು. ಬಾಡಿಗೆ ಮನೆಯ ಎರಡು ಕೋಣೆಗಳಲ್ಲಿ ಆರು ಮಂದಿ ಬದುಕುವ ಕುಟುಂಬದಲ್ಲಿ ಮಗುವಿಗೆ ಪ್ರತ್ಯೇಕ ಕೋಣೆ ಎಲ್ಲಿ ಸಿಗಬೇಕು? ನೂರು ಪುಟದ ಒಂದು ನೋಟ್‌ಪುಸ್ತಕವೇ ಅದರ ಕೋಣೆ. ಅದಕ್ಕೆ ಇರುವ ಒಂದೇ ಬಾಗಿಲನ್ನು ನೀವು ಒಡೆಯಬೇಡಿ.

"ಮಗು ಅಪಾಯದಲ್ಲಿದ್ದರೆ?" ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಜೀವಕ್ಕೇ ಸಂಚಕಾರವಿದೆ ಎಂಬ ನಿಜವಾದ ಭಯವಿದ್ದರೆ ಯಾವ ತಂದೆತಾಯಿಯೂ ಸುಮ್ಮನೆ ಕೂರುವಂತಿಲ್ಲ. ಆದರೆ ಮನೆಗೆ ಬೆಂಕಿ ಬಿದ್ದಾಗ ಬಾಗಿಲು ಒಡೆಯುವುದು ಬೇರೆ, ಬೆಂಕಿ ಬಿದ್ದಿರಬಹುದೆಂದು ದಿನವೂ ಬಾಗಿಲು ಒಡೆಯುವುದು ಬೇರೆ. ಮಗುವಿನ ಮುಖ ನೋಡಿ, ಪಕ್ಕದಲ್ಲಿ ಕುಳಿತು ಮಾತನಾಡಲು ನಮಗೆ ಬಿಡುವಿಲ್ಲದಿರುವುದರಿಂದಲೇ ಕಳ್ಳತನದ ಓದು ಸುಲಭವಾಗಿ ಕಾಣುತ್ತದೆ.

ಮೂರನೆಯ ಆರೋಪಿ ನಮ್ಮ ಅಂಗೈಯಲ್ಲಿಯೇ ಇದ್ದಾನೆ. "ಎಲ್ಲವೂ ಮೊಬೈಲಿನಲ್ಲಿದೆ, ಬರೆಯುವುದೇಕೆ?" ಎನ್ನುವವರು ಹೆಚ್ಚುತ್ತಿದ್ದಾರೆ. ಇರುವುದೇನು? ಹಬ್ಬದ ಊಟದ ಚಿತ್ರ, ಹೊಸ ಸೀರೆಯ ಚಿತ್ರ, ವೇಳಾಂಗಣ್ಣಿ ಯಾತ್ರೆಯ ಚಿತ್ರ. ಆ ಯಾತ್ರೆಗೆ ಏಕೆ ಹೋದಿರಿ, ಯಾವ ಭಾರ ಹೊತ್ತು ಹೋದಿರಿ, ಅದು ಇಳಿಯಿತೇ ಎಂಬುದು ಯಾವ ಚಿತ್ರದಲ್ಲಿದೆ? ವಾಟ್ಸಾಪ್ ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅಳಿಸಿಹೋಗುತ್ತದೆ. ಇದ್ದಷ್ಟು ಹೊತ್ತೂ ನಾವು ಮಾಡುವ ಕೆಲಸ, ಯಾರು ಯಾರು ನೋಡಿದರೆಂದು ಎಣಿಸುವುದು. ನೋಡುವವರಿಗಾಗಿಯೇ ಬದುಕನ್ನು ದಾಖಲಿಸುತ್ತಾ ಹೋದವನು, ಒಂದು ದಿನ ಯಾರೂ ನೋಡದ ತನ್ನನ್ನು ಗುರುತಿಸಲಾರದೆ ಹೋಗುತ್ತಾನೆ.

ಹಾಗಾದರೆ ಏನು ಮಾಡಬೇಕು? ವಯಸ್ಸಿಗೆ ತಕ್ಕ ಪುಸ್ತಕ ಇರಲಿ.

ಮೊದಲ ಪರಮಪ್ರಸಾದಕ್ಕೆ ಸಿದ್ಧವಾಗುವ ಮಗುವಿಗೆ ಗೆರೆಯಿಲ್ಲದ ಪುಸ್ತಕ ಕೊಡಿ. ಚಿತ್ರ ಬರೆಯಲಿ, ಒಣಗಿದ ಎಲೆ ಅಂಟಿಸಲಿ, ಮಲಗುವ ಮುನ್ನ ದೇವರಿಗೆ ಒಂದು ಸಾಲಿನ ಧನ್ಯವಾದ ಬರೆಯಲಿ. ಕೆಂಪು ಪೆನ್ನು ಹಿಡಿದು ಒತ್ತಕ್ಷರ ತಿದ್ದಲು ಹೋಗಬೇಡಿ. ಅದು ಹೋಮ್‌ವರ್ಕ್ ಅಲ್ಲ.

ಹದಿಹರೆಯಕ್ಕೆ ಒಪ್ಪುವ ರೂಪ ಪತ್ರ. 1942ರ ಜೂನ್ 12ರಂದು, ತನ್ನ ಹದಿಮೂರನೆಯ ಹುಟ್ಟುಹಬ್ಬಕ್ಕೆ ದೊರೆತ ಪುಸ್ತಕದಲ್ಲಿ ಆನ್ ಫ್ರಾಂಕ್ ಎಂಬ ಯೆಹೂದಿ ಬಾಲಕಿ ಬರೆದದ್ದು ಕಿಟ್ಟಿ ಎಂಬ ಕಲ್ಪನೆಯ ಗೆಳತಿಗೆ. ಆಂಸ್ಟರ್‌ಡಾಮಿನ ಅಡಗುತಾಣದಲ್ಲಿ ಎರಡು ವರ್ಷ ಅವಳಿಗೆ ಉಸಿರಾಡಲು ಸಿಕ್ಕ ಜಾಗ ಅದು. ನಮ್ಮ ಹುಡುಗ ಹುಡುಗಿಯರು ಯೇಸುಸ್ವಾಮಿಗೇ ಬರೆಯಲಿ. ಸಿಟ್ಟು ಬಂದರೆ ಸಿಟ್ಟನ್ನೇ ಬರೆಯಲಿ. ಯೋಬನ ದೂರುಗಳನ್ನೂ ಕೀರ್ತನಕಾರರ ಅಳಲನ್ನೂ ಪವಿತ್ರ ಗ್ರಂಥದಲ್ಲಿ ಇರಿಸಿಕೊಂಡ ದೇವರು, ಪರೀಕ್ಷೆಯಲ್ಲಿ ಅನುತ್ತೀರ್ಣನಾದವನ ಸಿಟ್ಟಿಗೆ ಬೆಚ್ಚಿಬೀಳುವುದಿಲ್ಲ.

ಗೃಹಸ್ಥರಿಗೆ ಎರಡು ಪುಸ್ತಕಗಳಿರಲಿ. ಒಂದು ತೆರೆದದ್ದು, ಮನೆಯವರೆಲ್ಲರದು: ಮಗು ಆಡಿದ ಮೊದಲ ಮಾತು, ಜ್ಞಾನಸ್ನಾನದ ದಿನ, ಜ್ವರ ಬಿದ್ದ ರಾತ್ರಿ, ಸಾಲ ತೀರಿದ ತಿಂಗಳು. ಇನ್ನೊಂದು ಮುಚ್ಚಿದ್ದು, ಒಬ್ಬೊಬ್ಬರದು. ಅದಕ್ಕೆ ಭಾನುವಾರ ಮೂರು ಸಾಲು ಸಾಕು. ಆದರೆ ಒಂದು ಎಚ್ಚರಿಕೆ ಬೇಕು. ಅತ್ತೆ ಅಂದದ್ದು, ನಾದಿನಿ ಅಂದದ್ದು, ಗಂಡ ಮರೆತದ್ದು ಎಲ್ಲವನ್ನೂ ದಿನಾಂಕ ಸಹಿತ ದಾಖಲಿಸಿದರೆ ಅದು ದಿನಚರಿಯಾಗದೆ ದೋಷಾರೋಪಣ ಪಟ್ಟಿಯಾಗುತ್ತದೆ. ಆತ್ಮಪರಿಶೋಧನೆಯ ಕ್ರಮದಲ್ಲಿ ಸಂತ ಇಗ್ನೇಷಿಯಸರು ಮೊದಲ ಹೆಜ್ಜೆಯಾಗಿ ಇರಿಸಿದ್ದು ಪಡೆದ ವರಗಳಿಗಾಗಿ ಕೃತಜ್ಞತೆಯನ್ನು. ಪಾಪದ ವಿಚಾರಣೆ ಬರುವುದು ಆಮೇಲೆ. ನಿಮ್ಮ ಮೂರು ಸಾಲುಗಳಲ್ಲಿ ಮೊದಲನೆಯದು ಧನ್ಯವಾದವಾಗಿರಲಿ.

ಐವತ್ತು ದಾಟಿದವರಿಗೆ ವರ್ಷಕ್ಕೊಮ್ಮೆಯ ದಿನಚರಿ ಸಾಲುತ್ತದೆ. ತಪಸ್ಸುಕಾಲದ ಒಂದು ಸಂಜೆ ಕುಳಿತು ಹಿಂದಿನ ವರ್ಷ ಬರೆದದ್ದನ್ನು ಓದಿ, ಈ ವರ್ಷದ ಪುಟ ಬರೆಯಲಿ. ಯಾವ ನಿರ್ಧಾರವನ್ನು ಏಕೆ ಕೈಗೊಂಡೆ ಎಂಬುದು ಅದರಲ್ಲಿ ತಪ್ಪದೆ ಇರಲಿ. ನೆನಪು ನಮ್ಮ ಪಕ್ಷ ವಹಿಸಿ ಸುಳ್ಳಾಡುತ್ತದೆ, ಕಾಗದ ಹಾಗೆ ಮಾಡುವುದಿಲ್ಲ.

ಕೈ ನಡುಗುವ, ಕಣ್ಣು ಮಂಜಾದ ಹಿರಿಯರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. 1553ರಿಂದ 1555ರ ನಡುವೆ ಇಗ್ನೇಷಿಯಸರು ತಮ್ಮ ಬಾಳಿನ ಕಥೆಯನ್ನು ಸಹವಾಸಿಯಾದ ಗುರುವೊಬ್ಬರಿಗೆ ಬಾಯಿಮಾತಿನಲ್ಲಿ ಹೇಳಿದ್ದರಿಂದಲೇ ಅದು ನಮಗೆ ಉಳಿಯಿತು. ಅಜ್ಜಿ ಹುಟ್ಟಿದ ಊರು, ಮುಳುಗಿಹೋದ ಗದ್ದೆ, ಕಷ್ಟದಲ್ಲಿ ಅಕ್ಕಿ ಕೊಟ್ಟ ನೆರೆಮನೆಯವರ ಹೆಸರು, ಇನ್ನೂ ಕ್ಷಮಿಸಲಾಗದೆ ಉಳಿದ ಒಂದು ಗಾಯ: ಇವುಗಳನ್ನು ಶವಪೆಟ್ಟಿಗೆಯೊಡನೆ ಮಣ್ಣಿಗೆ ಕೊಡಬೇಡಿ.

ಇಷ್ಟಕ್ಕೆಲ್ಲ ಇಷ್ಟು ಆವೇಶವೇಕೆ ಎನ್ನುವಿರಾ? ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಎಂಟನೆಯ ವಯಸ್ಸಿನಲ್ಲಿ ಧರ್ಮೋಪದೇಶ ತರಗತಿಯಲ್ಲಿ ಕಲಿತ ಪಾಪಗಳ ಪಟ್ಟಿಯನ್ನೇ ನಲವತ್ತರಲ್ಲಿಯೂ ಪಾಪನಿವೇದನೆಯಲ್ಲಿ ಒಪ್ಪಿಸುತ್ತಿಲ್ಲವೇ? ಸುಳ್ಳು ಹೇಳಿದೆ, ಕೋಪಗೊಂಡೆ, ಪ್ರಾರ್ಥನೆ ಮರೆತೆ. ಅಷ್ಟರಲ್ಲಿ ಮದುವೆಯಾಗಿದೆ, ಮಕ್ಕಳಾಗಿವೆ, ಆಸ್ತಿ ಪಾಲಾಗಿದೆ, ಅಣ್ಣತಮ್ಮಂದಿರ ನಡುವೆ ಮಾತು ನಿಂತಿದೆ. ಪಟ್ಟಿ ಮಾತ್ರ ಬದಲಾಗಿಲ್ಲ! ನಮ್ಮ ಅಂಗಿಯ ಅಳತೆ ಬೆಳೆಯಿತು, ಅಂತಃಸಾಕ್ಷಿಯ ಅಳತೆ ಬೆಳೆಯಲಿಲ್ಲ. ತನ್ನೊಡನೆ ತಾನು ನಿಜ ಮಾತನಾಡಿ ಅಭ್ಯಾಸವಿಲ್ಲದವನು ದೇವರ ಮುಂದೆ ಮೊಣಕಾಲೂರಿದ ಕೂಡಲೇ ನಿಜ ಮಾತನಾಡಬಲ್ಲನೇ? ದಿನಚರಿ ಸಂಸ್ಕಾರಕ್ಕೆ ಬದಲಿಯಲ್ಲ. ಸಂಸ್ಕಾರಕ್ಕೆ ಬರುವವನನ್ನು ಬಾಯಿಪಾಠದಿಂದ ಬಿಡಿಸುವ ಅಭ್ಯಾಸ ಅದು.

ಆದ್ದರಿಂದ ಈ ವಾರ ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಒಂದೊಂದು ನೋಟ್‌ಪುಸ್ತಕ ತನ್ನಿ. ಅದನ್ನು ಮಕ್ಕಳ ಕೈಗಿಡುವಾಗ ಒಂದು ಮಾತು ಕೊಡಿ: "ಇದನ್ನು ನಾನು ತೆರೆಯುವುದಿಲ್ಲ." ಕೊಟ್ಟ ಮಾತನ್ನು ಉಳಿಸಿಕೊಳ್ಳಿ. ಅವರೊಬ್ಬರೇ ಕುಳಿತು ಬರೆಯುತ್ತಿರುವಾಗ, ಯಾರಿಗೂ ಕಾಣದೆ ಇರುವ ತಂದೆಯೊಬ್ಬರು ಆ ಪುಟಗಳನ್ನು ಪ್ರೀತಿಯಿಂದ ಓದುತ್ತಿದ್ದಾರೆಂಬ ನಂಬಿಕೆ ನಿಮಗಿರಲಿ. ಆ ಒಬ್ಬ ಓದುಗರು ಸಾಕು.